ನೆಲಮಂಗಲ ಅರವತ್ತು

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ನೋಡುವಂಥದ್ದೇನಿದೆ ಎಂದು ಕೇಳಿದರೆ ವಿಮಾನ ನಿಲ್ದಾಣ, ಶಿವಗಂಗೆ, ಘಾಟಿ ಸುಬ್ರಹ್ಮಣ್ಯ ಎಂದು ಮೂರು ಬೆರಳು ಮಡಿಸಿ ಸುಮ್ಮನಾಗುವವರೇ ಹೆಚ್ಚು. ಶಾಸನದ ಹುಚ್ಚು ಹತ್ತಿದವರ ಕೈಯಲ್ಲಿರುವ ನಕಾಶೆಯೇ ಬೇರೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟ ಅದು. ತಾಲ್ಲೂಕುವಾರು ಊರು, ಒಂದೊಂದು ಬರಹಕ್ಕೂ ಒಂದೊಂದು ನಂಬರು. ಈ ಹುಚ್ಚಿನವರು ಇಬ್ಬರು ಸೇರಿದಾಗ ಒಬ್ಬ ‘ನೆಲಮಂಗಲ ಅರವತ್ತು’ ಅಂದರೆ ಸಾಕು, ಇನ್ನೊಬ್ಬನಿಗೆ ಊರು, ಅರಸ, ಇಸವಿ ಎಲ್ಲವೂ ಕಣ್ಮುಂದೆ ಬರುತ್ತವೆ.

ನೆಲಮಂಗಲ 60 ಮತ್ತು 61 ತ್ಯಾಮಗೊಂಡ್ಲು ಹೋಬಳಿಯ ಮಣ್ಣೆಯ ತಾಮ್ರಪಟಗಳು. ಇವತ್ತಿನ ಮಣ್ಣೆ ಒಂದು ಹಳ್ಳಿ. ಎಂಟನೇ ಶತಮಾನದಲ್ಲಿ ಅದು ಮಾನ್ಯಪುರ, ಗಂಗರ ಶ್ರೀಪುರುಷನ ನೆಲೆವೀಡು. ಅವನ ಮೊಮ್ಮಗ ಯುವರಾಜ ಮಾರಸಿಂಹನ ಸೇನಾಪತಿ ಶ್ರೀವಿಜಯ ಅಲ್ಲಿ ಜಿನಾಲಯ ಕಟ್ಟಿಸಿದ. ಅದಕ್ಕೆ ಮಾರಸಿಂಹ ದತ್ತಿ ಬಿಟ್ಟದ್ದು ಶಕ 719ರಲ್ಲಿ, ಅಂದರೆ ಕ್ರಿ.ಶ. 797ರಲ್ಲಿ. ಇದಿಷ್ಟೇ ಆಗಿದ್ದರೆ ನಾನು ಈ ಅಂಕಣದಲ್ಲಿ ಜಾಗ ಕೊಡುತ್ತಿರಲಿಲ್ಲ. ದತ್ತಿ ಶಾಸನಗಳಿಗೆ ಕನ್ನಡ ನಾಡಿನಲ್ಲಿ ಬರವಿಲ್ಲ. ಸ್ವಾರಸ್ಯ ಇರುವುದು ಎರಡನೆಯ ಪಟದಲ್ಲಿ. ಐದು ವರ್ಷ ಕಳೆದು 802ಕ್ಕೆ ಬರುವಾಗ ಗಂಗವಾಡಿ ರಾಷ್ಟ್ರಕೂಟರ ವಶದಲ್ಲಿದೆ, ಮುಮ್ಮಡಿ ಗೋವಿಂದನ ಅಣ್ಣ ಸ್ತಂಭ ಆಳುತ್ತಿದ್ದಾನೆ. ಅವನೂ ಮಾನ್ಯಪುರದ ಅದೇ ಬಸದಿಗೆ ದತ್ತಿ ಬಿಡುತ್ತಾನೆ. ಸೋತವರ ಸೇನಾಪತಿ ಕಟ್ಟಿಸಿದ್ದು ಎಂಬ ಕಾರಣಕ್ಕೆ ಗೆದ್ದವರು ಅಲ್ಲಿ ಪೂಜೆ ನಿಲ್ಲಿಸಲಿಲ್ಲ.

ಇಂಥ ಕಡೆ ನನಗೆ ಪೆರು ದೇಶದ ಕುಸ್ಕೊ ನಗರ ನೆನಪಾಗುತ್ತದೆ. ಇಂಕಾಗಳ ಸೂರ್ಯದೇಗುಲ ಕೊರಿಕಾಂಚದ ಗೋಡೆಗಳ ಮೇಲೆಯೇ ಸ್ಪೇನಿನವರು ಸಾಂತೊ ದೊಮಿಂಗೊ ಇಗರ್ಜಿ ಕಟ್ಟಿದರು. 1950ರ ಭೂಕಂಪದಲ್ಲಿ ಮೇಲಿನ ಕಟ್ಟಡ ಬಿರುಕು ಬಿಟ್ಟು ಕುಸಿಯಿತು, ಕೆಳಗಿನ ಇಂಕಾ ಗೋಡೆ ಮಾತ್ರ ಅಲುಗದೆ ನಿಂತಿತ್ತು. ಅಲ್ಲಿ ಒಂದು ಧರ್ಮದ ಹೆಗಲ ಮೇಲೆ ಇನ್ನೊಂದು. ಈ ಜಿಲ್ಲೆಯಲ್ಲಿ ನಾನು ಕಂಡಂತೆ ಅವು ಒಂದರ ಪಕ್ಕ ಒಂದು ಇವೆ, ನಡುವೆ ರಾಗಿ ಹೊಲ. ಮಣ್ಣೆಯಲ್ಲಿ ಬಸದಿಯ ವೈಭವ ಹೋಯಿತು, ಗಂಗರ ಕಾಲದ ಕಪಿಲೇಶ್ವರ ಗುಡಿ ಉಳಿಯಿತು. ನಮ್ಮವರು ಯಾರ ಗುಡಿಯನ್ನೂ ಕೆಡವಲಿಲ್ಲ ಎಂದು ಇದರಿಂದ ಹೇಳಬರುವುದಿಲ್ಲ. ಮರೆತು ಬಿಡುವುದರಲ್ಲಿ ಮಾತ್ರ ನಾವು ಯಾರಿಗೂ ಕಡಿಮೆಯಿಲ್ಲ.

ಮರೆವಿಗೆ ಸಾಕ್ಷಿ ಬೇಕಿದ್ದರೆ ದೊಡ್ಡಬಳ್ಳಾಪುರದ ಹತ್ತಿರದ ರಾಜಘಟ್ಟಕ್ಕೆ ಹೋಗಿ. ಈ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ.ಎಸ್. ಕೃಷ್ಣಮೂರ್ತಿ ಅಲ್ಲಿ ಅಗೆಸಿದಾಗ ಹೊಲದಡಿಯಿಂದ ಬೌದ್ಧರ ಚೈತ್ಯ, ವಿಹಾರಗಳ ಇಟ್ಟಿಗೆ ತಳಪಾಯ ಎದ್ದುಬಂತು. ಜೊತೆಗೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ, ಹರಕೆಯ ಮಣ್ಣಿನ ಸ್ತೂಪಗಳ ರಾಶಿ. ಬುದ್ಧನ ಉಪದೇಶದ ಸಾರವನ್ನು ಮುದ್ರೆಯೊತ್ತಿದ ಪುಟ್ಟ ಮಣ್ಣುಬಿಲ್ಲೆಗಳು. ಬೌದ್ಧ ಕರ್ನಾಟಕ ಅಂದರೆ ಸನ್ನತಿ, ಬನವಾಸಿ ಎಂದಷ್ಟೇ ತಿಳಿದವರಿಗೆ ಅದು ದೊಡ್ಡ ಸುದ್ದಿಯಾಗಬೇಕಿತ್ತು. ಅರಸರ ಹೆಸರಿಲ್ಲ, ಬಿರುದಿಲ್ಲ. ಹರಕೆ ಹೊತ್ತ ಸಾಮಾನ್ಯರ ಕೈ ಮಾತ್ರ ಇದೆ. ಘಾಟಿಯಲ್ಲಿ ಇವತ್ತು ಮಕ್ಕಳಾಗಲೆಂದು ನಾಗರಕಲ್ಲು ಪ್ರತಿಷ್ಠೆ ಮಾಡಿಸುವವರು ಅದೇ ತಾಲ್ಲೂಕಿನಲ್ಲಿದ್ದಾರೆ. ದೇವರು ಬದಲಾದರೂ ಹರಕೆ ಹೊರುವ ಜನ ಬದಲಾಗಿಲ್ಲ ಎಂದು ನನ್ನ ಗುಮಾನಿ.

ಹೊಸಕೋಟೆ, ದೇವನಹಳ್ಳಿ ಕಡೆ ಹೋದರೆ ತಮಿಳು ಶಾಸನ ಎದುರಾಗುತ್ತದೆ. ಹನ್ನೊಂದನೇ ಶತಮಾನದಲ್ಲಿ ಈ ಸೀಮೆ ಚೋಳರ ನಿಗರಿಲಿಚೋಳಮಂಡಲ. ಆ ಅಕ್ಷರ ಈಗ ಊರಿನಲ್ಲಿ ಯಾರಿಗೂ ಬಾರದು, ಹಾಗಾಗಿ ಅದು ನಿಧಿಯ ಗುಟ್ಟು ಎಂದು ರಾತ್ರಿ ಅಗೆದು ಒಡೆಯುವವರಿದ್ದಾರೆ. ಅದರಲ್ಲಿರುವುದು ಗುಡಿಗೆ ಬಿಟ್ಟ ಗದ್ದೆಯ ಎಲ್ಲೆ, ದೀಪದ ಎಣ್ಣೆಯ ಲೆಕ್ಕ.

ಕಲ್ಲಿನಲ್ಲಿ ಬರೆಯದ ಚರಿತ್ರೆಯೂ ಇದೆ. ದೇವನಹಳ್ಳಿ ತಾಲ್ಲೂಕಿನ ಆವತಿಗೆ ಕಂಚಿಯ ಕಡೆಯಿಂದ ಏಳು ಜನ ಅಣ್ಣತಮ್ಮಂದಿರು ಮನೆಮಂದಿಯನ್ನೆಲ್ಲ ಬಂಡಿಯಲ್ಲಿ ಕೂರಿಸಿಕೊಂಡು ಬಂದರೆಂಬುದು ಮೊರಸು ಒಕ್ಕಲಿಗರ ಐತಿಹ್ಯ. ಅವರ ಹಿರಿಯ ರಣಭೈರೇಗೌಡ. ಮಗ ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿ ಕೋಟೆ ಕಟ್ಟಿಸಿದನೆನ್ನುತ್ತಾರೆ. ಈ ಸಮುದಾಯದ ಒಂದು ಒಳಪಂಗಡದಲ್ಲಿ ಹಿರಿಮಗಳ ಕಿವಿ ಚುಚ್ಚುವ ಮುನ್ನ ತಾಯಿ ಬಂಡಿ ದೇವರಿಗೆ ಬೆರಳ ತುದಿ ಕೊಡುವ ಪದ್ಧತಿ ಇತ್ತು. ಮೈಸೂರಿನ ಇತಿಹಾಸಕಾರ ವಿಲ್ಕ್ಸ್ ಇದನ್ನು ಬರೆದಿದ್ದಾನೆ, ರೈಸನೂ ಬರೆದಿದ್ದಾನೆ. ಹತ್ತೊಂಬತ್ತನೇ ಶತಮಾನದಲ್ಲಿ ಸರ್ಕಾರ ನಿಷೇಧಿಸಿತು, ಬೆರಳಿನ ಬದಲು ಚಿನ್ನ ಒಪ್ಪಿಸುವ ದಾರಿಯಾಯಿತು. ಪರಂಪರೆ ಎಂಬುದರಲ್ಲಿ ಕೈಬಿಟ್ಟದ್ದೂ ಸೇರುತ್ತದೆ, ಅದನ್ನು ಮುಚ್ಚಿಡುವ ಅಂಕಣಕಾರ ನಾನಲ್ಲ.

ದೇವನಹಳ್ಳಿ ಕೋಟೆ ನೋಡಬೇಕಾದ್ದೇ. ಒಳಗೆ ವೇಣುಗೋಪಾಲಸ್ವಾಮಿ, ಹೊರಗೆ ಟಿಪ್ಪು ಹುಟ್ಟಿದ ಜಾಗದ ಪುಟ್ಟ ಮಂಟಪ. ಆದರೆ ಒಂದೇ ಭಾನುವಾರ ಬಿಡುವಿದ್ದರೆ ಕೋಟೆ ಬಿಡಿ, ಮಣ್ಣೆಗೆ ಹೋಗಿ.

ಹೊರಡುವವರಿಗೆ ಎರಡು ಮಾತು. ಅಕ್ಷರ ಓದಲು ಸಂಜೆಯ ಓರೆ ಬಿಸಿಲೇ ಒಳ್ಳೆಯದು. ಇಲ್ಲವಾದರೆ ಪಕ್ಕದಿಂದ ಬ್ಯಾಟರಿ ಬೆಳಕು ಹಾಯಿಸಿ. ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ಆಯಿಲ್ ಪೇಂಟ್ ಬಳಿಯಲು ಹೊರಟ ಊರವರಿಗೆ ಜಗಳವಿಲ್ಲದೆ ತಿಳಿಹೇಳಿ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಈ ಭಾಗದ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ನಿಮ್ಮೂರ ಚರಂಡಿಯ ಮೇಲೆ, ಬಟ್ಟೆ ಒಗೆಯುವ ಕಟ್ಟೆಯಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಫೋಟೋ ತೆಗೆದು ಅವರಿಗೆ ತಿಳಿಸಿ. ರಸ್ತೆ ಅಗಲ ಮಾಡುವ ಜೆಸಿಬಿ ಬರುವ ಮೊದಲೇ ತಿಳಿಸಿ.