ಶಿಕಾರಿ ಪುಸ್ತಕಗಳಲ್ಲಿ ಕೋವಿಯ ನಂಬರು

ಹೋದ ದೀಪಾವಳಿಗೆ ಊರಿಗೆ ಹೋದಾಗ, ಊಟ ಆದಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ ದೊಡ್ಡಪ್ಪ ಕೇಳಿದರು: "ನಂಗೆ ಎಪ್ಪತ್ತಾರಾಯ್ತು ಮಾರಾಯ. ಕೋವಿ ನಿನ್ನ ಹೆಸರಿಗೆ ಮಾಡ್ಸಿಬಿಡ್ಲಾ?" ನಾನಿರೋದು ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಏಳನೇ ಮಹಡಿಯಲ್ಲಿ. ಬಾಲ್ಕನಿಗೆ ಬರುವ ಪಾರಿವಾಳ ಬಿಟ್ಟರೆ ಬೇರೆ ಪ್ರಾಣಿಯ ಸಹವಾಸ ಇಲ್ಲ. "ಸ್ವಲ್ಪ ಟೈಮ್ ಕೊಡಿ ದೊಡ್ಡಪ್ಪ" ಅಂದೆ. ವಾಪಸ್ ಬಂದವನು ಲೈಸೆನ್ಸಿನ ವಿಚಾರ ತಿಳಿದುಕೊಳ್ಳೋದು ಬಿಟ್ಟು ಹಳೇ ಶಿಕಾರಿ ಪುಸ್ತಕಗಳನ್ನ ಕೆಳಗಿಳಿಸಿಕೊಂಡು ಕೂತೆ. ಇಂಥ ನಿರ್ಧಾರಗಳನ್ನ ಮುಂದೂಡೋಕೆ ನಂಗೆ ಗೊತ್ತಿರೋ ದಾರಿ ಅದೊಂದೇ.

ನನ್ನ ಓರಗೆಯ ಬಹುತೇಕರ ಹಾಗೆ ನಾನೂ ಶಿಕಾರಿ ಸಾಹಿತ್ಯಕ್ಕೆ ಬಂದಿದ್ದು ತೇಜಸ್ವಿಯವರ ಬಾಗಿಲಿಂದ. ಅವರು ಭಾವಾನುವಾದ ಮಾಡಿದ ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳು, ಆಮೇಲೆ ಜಿಮ್ ಕಾರ್ಬೆಟ್‌ನ ರುದ್ರಪ್ರಯಾಗದ ಚಿರತೆ, ಆಮೇಲೆ ಕಾಲೇಜಿನಲ್ಲಿ ಅವುಗಳ ಇಂಗ್ಲಿಷ್ ಮೂಲ. ಆ ವಯಸ್ಸಿಗೆ ಪುಸ್ತಕದಲ್ಲಿ ನಂಗೆ ಬೇಕಾಗಿದ್ದು ಹುಲಿಯಲ್ಲ, ನಂಬರು. ಆಂಡರ್ಸನ್ ಕೈಲಿ .405 ವಿಂಚೆಸ್ಟರ್. ಕಾರ್ಬೆಟ್ ಕೈಲಿ ಒಮ್ಮೆ .275 ರಿಗ್ಬಿ, ಒಮ್ಮೆ .450/400 ಜೋಡುನಳಿಗೆ. ಕ್ರಿಕೆಟರ್‌ಗಳ ಆವರೇಜ್ ಬಾಯಿಪಾಠ ಮಾಡಿದಂಗೆ ಇವನ್ನೂ ಮಾಡಿದ್ದೆ. ಜಾಸ್ತಿ ನಂಬರು ಅಂದ್ರೆ ಜಾಸ್ತಿ ಗಂಡಸು ಅನ್ನೋ ಲೆಕ್ಕ ಬೇರೆ.

ಲೆಕ್ಕ ಅಷ್ಟು ಸುಲಭ ಇಲ್ಲ. ರೈಫಲ್‌ನ ನಂಬರು ಸುಮಾರಾಗಿ ನಳಿಗೆಯ ಒಳವ್ಯಾಸ, ಅಂಗುಲದಲ್ಲಿ. .275 ಅಂದರೆ 7 ಮಿಲಿಮೀಟರ್. ಜರ್ಮನಿಯ 7×57 ಮೌಸರ್ ತೋಟಾಕ್ಕೇ ರಿಗ್ಬಿ ಕಂಪನಿ ಇಟ್ಟ ಇಂಗ್ಲಿಷ್ ಹೆಸರದು. ಅದರ 140 ಗ್ರೇನ್ ಗುಂಡು ಒಂಬತ್ತು ಗ್ರಾಂ ತೂಗುತ್ತೆ. .450/400 ಅಂದರೆ .450ರ ತೋಟಾದ ಕುತ್ತಿಗೆ ಹಿಸುಕಿ .400 ಗುಂಡು ಕೂರಿಸಿದ್ದು; ಅದರ ಗುಂಡು ಇಪ್ಪತ್ತಾರು ಗ್ರಾಂ, ಹತ್ತಿರ ಹತ್ತಿರ ಮೂರು ಪಟ್ಟು. ದೊಡ್ಡಪ್ಪನ ಒಂಟಿನಳಿಗೆಯ 12 ಬೋರಿಗೆ ಬೇರೆಯದೇ ಗಣಿತ. ಒಂದು ಪೌಂಡ್ ಸೀಸವನ್ನ ಹನ್ನೆರಡು ಸಮ ಉಂಡೆ ಮಾಡಿದರೆ ಅದರಲ್ಲೊಂದು ಉಂಡೆ ಹಿಡಿಸುವ ಅಗಲ, ಅಂದ್ರೆ ಹದಿನೆಂಟೂವರೆ ಮಿಲಿಮೀಟರ್. ಒಳಗೆ ಗುಂಡಿನ ಬದಲು ಚರೆ ತುಂಬಿದ್ದರೆ ನಲವತ್ತು ಗಜ ದಾಟಿದ ಮೇಲೆ ದೊಡ್ಡ ಪ್ರಾಣಿಗೆ ಅದು ಕೊಲ್ಲುವ ಆಯುಧ ಅಲ್ಲ, ಗಾಯ ಮಾಡುವ ಆಯುಧ.

ಈ ಸಾರಿ ಓದುವಾಗ ನಂಗೆ ತಡೆಯಾಗಿದ್ದು ಇಲ್ಲೇ. ಶಿಕಾರಿ ಬರಹಗಾರರಲ್ಲಿ ಎರಡು ಥರ ಇದ್ದಾರೆ: ನಂಬರು ಹೇಳಿ ಸುಮ್ಮನಾಗೋರು, ನಂಬರು ಹೇಳಿ ಗುಂಡು ಎಲ್ಲಿಗೆ ಹೋಯ್ತು ಅಂತಲೂ ಹೇಳೋರು. ಮೊದಲನೇ ಥರದ ಬರಹ ಇವತ್ತಿನ ಫೋನ್ ರಿವ್ಯೂಗಿಂತ ಬೇರೆ ಅಲ್ಲ. ಎರಡನೇದರಲ್ಲಿ ಕಾರ್ಬೆಟ್‌ಗೆ ಸಾಟಿ ಇಲ್ಲ.

ಚಂಪಾವತದ ಹೆಣ್ಣು ಹುಲಿಯ ಕಥೆಯನ್ನೇ ತಗೊಳ್ಳಿ. 1907, ನೇಪಾಳದಲ್ಲೂ ಕುಮಾಊಂನಲ್ಲೂ ಸೇರಿ ನಾನೂರಕ್ಕೂ ಹೆಚ್ಚು ಜನರನ್ನ ತಿಂದ ಹುಲಿ. ಕಾರ್ಬೆಟ್ ಹತ್ರ ಇದ್ದದ್ದು .500 ರೈಫಲ್, ಜೇಬಲ್ಲಿ ಮೂರೇ ಮೂರು ತೋಟಾ. ಮೂರೂ ಖಾಲಿಯಾದವು, ಹುಲಿ ಗಾಯಗೊಂಡು ಬಂಡೆಯ ಮೇಲೆ ನಿಂತಿದೆ. ಆಗ ಅವನು ಓಡಿಹೋಗಿ ತಹಸೀಲ್ದಾರನ ಕೈಲಿದ್ದ ಹಳೇ ತೋಟಾಕೋವಿ ಕಿತ್ತುಕೊಂಡು ಬರ್ತಾನೆ. ಹತ್ತಿರ ಬಂದ ಮೇಲೆ ನೋಡಿದರೆ ಅದರ ನಳಿಗೆಗೂ ಹಿಂಭಾಗಕ್ಕೂ ನಡುವೆ ಕಣ್ಣಿಗೆ ಕಾಣೋವಷ್ಟು ಸಂದು. ಸಿಡಿದರೆ ಹೊಡೆದವನ ಮುಖಕ್ಕೇ. ಇಪ್ಪತ್ತು ಅಡಿಯಿಂದ ಹುಲಿಯ ತೆರೆದ ಬಾಯಿಗೆ ಗುರಿಯಿಟ್ಟ; ಗುಂಡು ಬಿದ್ದದ್ದು ಬಲಗಾಲಿನ ಪಂಜಕ್ಕೆ. ಅಷ್ಟು ಹೊತ್ತಿಗೆ ಮೊದಲ ಗುಂಡುಗಳೇ ಕೆಲಸ ಮುಗಿಸಿದ್ದರಿಂದ ಹುಲಿ ಸತ್ತಿತು. ಬೇರೆ ಯಾರಾದ್ರೂ ಆಗಿದ್ದರೆ ಆ ಪಂಜದ ವಿಷಯ ಪುಸ್ತಕಕ್ಕೆ ಬರ್ತಿತ್ತಾ? ನಂಗೆ ಅನುಮಾನ.

ಆ ಕಥೆಯಲ್ಲಿ ಇನ್ನೊಂದು ಗಾಯ ಇದೆ. ಸತ್ತ ಹುಲಿಯ ಬಾಯಿ ಬಿಡಿಸಿ ನೋಡಿದಾಗ ಬಲಗಡೆಯ ಎರಡೂ ಕೋರೆಹಲ್ಲು ಮುರಿದಿದ್ದವು, ಕೆಳಗಿನದು ಬುಡದವರೆಗೂ. ಹಳೇ ಗುಂಡಿನ ಗಾಯ. ಸಹಜ ಬೇಟೆ ಹಿಡಿಯೋಕಾಗದೆ ಅದು ಮನುಷ್ಯರ ಮೇಲೆ ಬಿತ್ತು ಅಂತ ಕಾರ್ಬೆಟ್ ಬರೀತಾನೆ. ಹುಲಿ ನರಭಕ್ಷಕ ಆಗೋಕೆ ಅನೇಕ ಸಲ ಅಜಾಗರೂಕತೆಯ ಈಡು, ಆಮೇಲೆ ಗಾಯಗೊಂಡ ಪ್ರಾಣಿಯನ್ನ ಹುಡುಕಿ ಮುಗಿಸದೇ ಇರೋದು ಕಾರಣ ಅನ್ನೋದು ಅವನ ಪುಸ್ತಕದ ಮುನ್ನುಡಿಯಲ್ಲೇ ಇದೆ. ಅಂದರೆ ನಾನೂರು ಚಿಲ್ಲರೆ ಸಾವಿನ ಆಚೆ ತುದಿಯಲ್ಲಿ ಒಬ್ಬ ಶಿಕಾರಿ ನಿಂತಿದ್ದಾನೆ. ಅವನ ಹೆಸರಾಗಲಿ, ಅವನ ಕೋವಿಯ ನಂಬರಾಗಲಿ ಯಾರಿಗೂ ಗೊತ್ತಿಲ್ಲ.

ಯಾವ ಕ್ಯಾಲಿಬರ್ ಒಳ್ಳೇದು ಅನ್ನೋ ಚರ್ಚೆ ಇರೋದೇ ಈ ಗಾಯವನ್ನ ತಪ್ಪಿಸೋಕೆ. ಆಫ್ರಿಕಾದಲ್ಲಿ ಡಬ್ಲ್ಯೂ.ಡಿ.ಎಂ. ಬೆಲ್ ಸಾವಿರಕ್ಕೂ ಮಿಕ್ಕಿ ಆನೆ ಹೊಡೆದ, ಹೆಚ್ಚಿನವು ಇದೇ 7 ಮಿಲಿಮೀಟರ್ ರೈಫಲ್ಲಿನಲ್ಲಿ. ಆನೆಯ ತಲೆಬುರುಡೆಯನ್ನ ಗರಗಸದಲ್ಲಿ ಕೊಯ್ಸಿ ಮೆದುಳು ಎಲ್ಲಿದೆ ಅಂತ ಕಲಿತಿದ್ದವನು ಅವನು. ಜಾನ್ ಟೇಲರ್ ಇದಕ್ಕೆ ಉಲ್ಟಾ. 1948ರ ತನ್ನ ಪುಸ್ತಕದಲ್ಲಿ ಗುಂಡಿನ ತೂಕ, ವೇಗ, ಅಗಲ ಮೂರನ್ನೂ ಗುಣಿಸಿ, ಯಾವ ತೋಟಾ ಆನೆಯನ್ನ ಕೆಡವುತ್ತೆ ಅನ್ನೋದಕ್ಕೆ ಒಂದು ಸೂತ್ರವನ್ನೇ ಕೊಟ್ಟ. ಇಬ್ಬರ ಅಭಿಮಾನಿಗಳೂ ಇವತ್ತಿಗೂ ಕಿತ್ತಾಡ್ತಾರೆ. ನನ್ನ ಮಟ್ಟಿಗೆ ಬೆಲ್‌ನ ಕಥೆಯ ಮುಖ್ಯ ಭಾಗ ರೈಫಲ್ ಅಲ್ಲ, ಆ ಗರಗಸ.

ಆದರೆ ಇಷ್ಟೆಲ್ಲ ಆಯ್ಕೆ ಇದ್ದದ್ದು ಯಾರಿಗೆ? 1878ರ ಆರ್ಮ್ಸ್ ಆಕ್ಟ್ ಪ್ರಕಾರ ಭಾರತೀಯನಿಗೆ ಕೋವಿ ಬೇಕಿದ್ದರೆ ಲೈಸೆನ್ಸ್ ಬೇಕು, ಯುರೋಪಿಯನ್ನನಿಗೆ ವಿನಾಯಿತಿ. (ಕೊಡವರಿಗೆ ಮತ್ತು ಜಮ್ಮಾ ಭೂಮಿ ಹಿಡುವಳಿದಾರರಿಗೆ ಇವತ್ತಿಗೂ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳೋ ಹಕ್ಕಿದೆಯಲ್ಲ, ಅದರ ಬೇರು ಇನ್ನೂ ಹಿಂದಿನ 1861ರ ಆದೇಶದಲ್ಲಿದೆ. ಅದೊಂದು ಬೇರೆಯದೇ ಅಂಕಣ.) ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸರ್ಕಾರ ಭಾರತಕ್ಕೆ .450 ರೈಫಲ್ ತರೋದನ್ನೇ ನಿಲ್ಲಿಸಿತು. ಆ ತೋಟಾ ಬಂಡಾಯದವರ ಕೈಲಿದ್ದ ಹಳೇ ಮಾರ್ಟಿನಿ-ಹೆನ್ರಿ ಬಂದೂಕುಗಳಿಗೆ ಉಪಯೋಗಕ್ಕೆ ಬಂದುಬಿಟ್ಟರೆ ಅನ್ನೋ ಭಯ. ಲಂಡನ್ನಿನ ಕಂಪನಿಗಳು ಸುಮ್ಮನಿರ್ತಾವಾ? .465, .470, .475 ಅಂತ ಒಂದೊಂದು ಕೂದಲೆಳೆ ದಪ್ಪದ ಹೊಸ ನಂಬರು ಹುಟ್ಟಿಸಿದವು. ಈಗ ಕಲೆಕ್ಟರುಗಳು ಗೌರವದಿಂದ ಉಚ್ಚರಿಸುವ ಆ .470 ಹುಟ್ಟಿದ್ದು ಆನೆಯ ದೇಹಶಾಸ್ತ್ರದಿಂದಲ್ಲ, ಹೋಮ್ ಡಿಪಾರ್ಟ್‌ಮೆಂಟಿನ ಹೆದರಿಕೆಯಿಂದ.

ಆ ಹೆದರಿಕೆ ಇನ್ನೂ ಹೋಗಿಲ್ಲ. ನಮ್ಮ ನಿಯಮದಲ್ಲಿ .303 ರೈಫಲ್ ನಿಷೇಧಿತ ಬೋರು, ಯಾಕಂದ್ರೆ ಅದು ಸೇನೆಯ ತೋಟಾ ಹಾರಿಸುತ್ತೆ. ಅದಕ್ಕಿಂತ ಅಗಲವಾದ .315ನ್ನು ಸರ್ಕಾರಿ ಕಾರ್ಖಾನೆಯೇ ಮಾಡಿ ಲೈಸೆನ್ಸ್ ಇದ್ದವರಿಗೆ ಮಾರುತ್ತೆ. ಶಿಕಾರಿಯಂತೂ 1972ರ ವನ್ಯಜೀವಿ ಕಾಯ್ದೆಯ ನಂತರ ಮುಗಿದ ಅಧ್ಯಾಯ. ಹಾಗಾಗಿ 'ಫೀಲ್ಡ್ ಶೂಟಿಂಗಿಗೆ ಯಾವ ಕ್ಯಾಲಿಬರ್ ಒಳ್ಳೇದು' ಅಂತ ಇಲ್ಲಿ ಯಾರಾದ್ರೂ ಕೇಳಿದರೆ ಮೊದಲು ಉತ್ತರ ಹೇಳೋದು ಬ್ಯಾಲಿಸ್ಟಿಕ್ಸ್ ಅಲ್ಲ, ಜಿಲ್ಲಾಧಿಕಾರಿ ಕಚೇರಿ.

ಇದನ್ನ ತಲೆಯಲ್ಲಿಟ್ಟುಕೊಂಡು ಆಂಡರ್ಸನ್‌ನನ್ನ ಮತ್ತೆ ಓದಿ. ಬೆಂಗಳೂರಿನ ಮನುಷ್ಯ, ನಮ್ಮ ಹಳ್ಳಿಗಳನ್ನ, ಪೂಜಾರಿಗಳನ್ನ, ಕಾಡುಜನರನ್ನ ಹೆಸರು ಹಿಡಿದು ಬರೆದವನು. ಅವನ ಮೇಲೆ ನಂಗೆ ಪ್ರೀತಿ ಕಮ್ಮಿ ಆಗಲ್ಲ. ಆದರೆ ಅವನ ಕಥೆಗಳಲ್ಲಿ ಮತ್ತೆ ಮತ್ತೆ ಸಿಟ್ಟು ತಿರುಗೋದು ಕಳ್ಳಬೇಟೆಯವನ ಕಡೆ, ನೀರಿನ ಗುಂಡಿ ಹತ್ರ ಮರಸು ಕೂತು ನಾಡಕೋವಿ ಹೊಡೆಯೋನ ಕಡೆ. ಸಿಟ್ಟು ಸುಳ್ಳಲ್ಲ. ಮುಂದಿನಿಂದ ಮದ್ದು, ಚೂರು ಕಬ್ಬಿಣ ಜಡಿದು ಹಾರಿಸುವ ಕೇಪಿನ ಕೋವಿ ಕೊಲ್ಲೋದಕ್ಕಿಂತ ಕುಂಟು ಮಾಡೋದೇ ಹೆಚ್ಚು. ಆದರೆ ಅವನ ಕೈಗೆ ಕೇಪಿನ ಕೋವಿಯೇ ಯಾಕೆ ಬಂತು, ಲೇಖಕನ ಕೈಗೆ .405 ಯಾಕೆ ಬಂತು ಅನ್ನೋ ಪ್ರಶ್ನೆಯನ್ನ ಕಥೆ ಕೇಳಲ್ಲ. 1878ರ ಕಾನೂನು ಯಾರಿಗೆ ಯಾವ ಕೋವಿ ಅಂತ ಗೆರೆ ಎಳೆಯಿತು. ಮುಂದಿನ ಎಪ್ಪತ್ತು ವರ್ಷದ ಶಿಕಾರಿ ಸಾಹಿತ್ಯ ಆ ಗೆರೆಯನ್ನೇ ಸಭ್ಯ ಬೇಟೆ, ಕ್ರೂರ ಬೇಟೆ ಅಂತ ಓದಿತು. ನಂಬರು ಇದ್ದ ಕೋವಿಯವನು ಸ್ಪೋರ್ಟ್ಸ್‌ಮನ್, ನಂಬರಿಲ್ಲದವನು ಪೋಚರ್. ಸ್ವತಂತ್ರ ಭಾರತದ 1959ರ ಕಾಯ್ದೆ ಬರೆದವರೂ ಆ ಗೆರೆಯನ್ನ ಅಳಿಸಲಿಲ್ಲ: ನಿಜವಾದ ಬೆಳೆ ರಕ್ಷಣೆಗೆ ಕೇಳುವ ರೈತನಿಗೆ ಅದು ಹೆಸರಿಸಿರೋದು ಬಾಯಿಂದ ಮದ್ದು ತುಂಬುವ ಕೋವಿ. ಗಾಯ ಮಾಡೋದರಲ್ಲಿ ಪಳಗಿದ ಆಯುಧವನ್ನೇ ಹಂದಿ ಕಾಯೋನಿಗೆ ಕೊಟ್ಟು, ಆಮೇಲೆ ಗಾಯಗೊಂಡ ಹಂದಿಯ ಬಗ್ಗೆ ಮರುಗೋದು ವಿಚಿತ್ರ ಅಲ್ವಾ?

ಹಾಗಂತ ನಮ್ಮವರನ್ನ ಬಿಟ್ಟುಕೊಡೋಕೂ ನಂಗೆ ಮನಸ್ಸಿಲ್ಲ. ಮಲೆನಾಡಿನ ಮನೆಗಳಲ್ಲಿ ಹೇಳೋ ಶಿಕಾರಿ ಕಥೆ ಕೇಳಿದ್ದೀರಾ? ಹಳು ನುಗ್ಗಿಸಿದ್ದು, ಗಂಡಿಯಲ್ಲಿ ಕೂತಿದ್ದು, ನಾಯಿ ಬೊಗಳಿದ್ದು, ಈಡು, ಆಮೇಲೆ ಪಾಲು. ತಪ್ಪಿದ ಈಡಿನ ಕಥೆ ನಗೋಕೆ ಹೇಳ್ತಾರೆ. ತಗುಲಿ ತಪ್ಪಿಸಿಕೊಂಡು ಹೋದ ಪ್ರಾಣಿಯ ಕಥೆ ಹೇಳೋದೇ ಇಲ್ಲ. ನಾನು ಚಿಕ್ಕವನಿದ್ದಾಗ ತೋಟದ ಕೆಳಗಿನ ಹಳ್ಳದಿಂದ ನಾಲ್ಕು ದಿನ ವಾಸನೆ ಬಂದದ್ದು ನೆನಪಿದೆ. ಐದನೇ ದಿನ ಆಳುಗಳು ಒಂದು ಹಂದಿಯನ್ನ ಮಣ್ಣು ಮಾಡಿದರು. ಅದರ ಪಕ್ಕೆಯಲ್ಲಿ ತೂತುಗಳಿದ್ದವು, ಸಾಸಿವೆ ಕಾಳಿಗಿಂತ ತುಸು ದೊಡ್ಡವು. ನಮ್ಮನೆಯಲ್ಲಿ ಎಷ್ಟು ಶಿಕಾರಿ ಕಥೆ ಕೇಳಿದ್ದೀನೋ ಲೆಕ್ಕ ಇಲ್ಲ. ಆ ಹಂದಿ ಯಾವುದರಲ್ಲೂ ಇಲ್ಲ.

ಇಷ್ಟೆಲ್ಲ ಆದಮೇಲೆ ಕೊನೆಗೂ ನಿಯಮ ಓದಿದೆ. ಲೈಸೆನ್ಸ್‌ದಾರನಿಗೆ 70 ತುಂಬಿದ್ದರೆ, ಅಥವಾ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಅವನು ಸೂಚಿಸಿದ ವಾರಸುದಾರ ತನ್ನ ಹೆಸರಿಗೆ ಲೈಸೆನ್ಸ್ ಕೇಳಬಹುದು ಅನ್ನುತ್ತೆ 2016ರ ಆರ್ಮ್ಸ್ ರೂಲ್ಸ್. ಸುರಕ್ಷತೆಯ ತರಬೇತಿ ಮುಗಿಸಿದ ಸರ್ಟಿಫಿಕೇಟ್ ಬೇಕು, ಭದ್ರವಾಗಿ ಇಡ್ತೀನಿ ಅಂತ ಬರೆದುಕೊಡಬೇಕು. 2019ರ ತಿದ್ದುಪಡಿ ಆದಮೇಲೆ ಒಬ್ಬನಿಗೆ ಹೆಚ್ಚೆಂದರೆ ಎರಡು ಕೋವಿ, ಲೈಸೆನ್ಸಿಗೆ ಐದು ವರ್ಷದ ಆಯಸ್ಸು. ಬೇಡ ಅಂದರೆ ಒಪ್ಪಿಸಿಬಿಡಬಹುದು. ದೊಡ್ಡಪ್ಪನ ಮಗ ಕೆನಡಾದಲ್ಲಿದ್ದಾನೆ. ಅವನು ಆಗಲೇ ಬೇಡ ಅಂದಾಗಿದೆ.

ಮೊನ್ನೆ ಭಾನುವಾರ ಫೋನ್ ಮಾಡಿದೆ. "ಎಂತ ಮಾಡ್ದೆ?" ಅಂದರು. ನಾನು ಕೋವಿ ಮಾತು ಎತ್ತಲಿಲ್ಲ. "ದೊಡ್ಡಪ್ಪ, ಹಳ್ಳದಲ್ಲಿ ಹಂದಿ ಮಣ್ಣು ಮಾಡಿದ್ದು ನೆನಪಿದ್ಯಾ?" ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಟೀವಿ ಸದ್ದು ಮಾತ್ರ. ಆಮೇಲೆ ಅದೂ ನಿಂತಿತು.

"ಎಲ್‌ಜಿ ತೋಟಾ ಖಾಲಿಯಾಗಿತ್ತು" ಅಂದರು. "ಹಕ್ಕಿಗೆ ಹೊಡೆಯೋ ನಾಲ್ಕನೇ ನಂಬರು ಒಂದು ಉಳಿದಿತ್ತು. ಹೊಡೆದೆ. ಹೊಡೀಬಾರ್ದಿತ್ತು. ಬೆಳಿಗ್ಗೆ ಹುಡುಕ್ದೆ, ರಕ್ತ ಹಳ್ಳದವರೆಗೆ ಇತ್ತು, ಆಮೇಲೆ ಮಳೆ ಬಂತು." ಒಂದು ಕ್ಷಣ ಬಿಟ್ಟು, "ನಿನ್ ಪುಸ್ತಕದಲ್ಲಿ ಇಂಥದ್ದೆಲ್ಲ ಬರೀತಾರನಾ?" ಅಂದರು.

ಒಬ್ಬ ಬರೆದಿದ್ದಾನೆ ಅಂದೆ. ಬರೋವಾಗ ತಗೊಂಡು ಬಾ ಅಂದರು, ಅಕ್ಷರ ದೊಡ್ಡದಿರೋ ಪ್ರತಿ.