ಅರಗಿನ ಹೊಳಪು, ಹಾರೋಬೆಲೆಯ ರಂಗ

ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದೊಡನೆ ಬಣ್ಣ ಕರಗಿ ಹರಡುವುದನ್ನು ಚನ್ನಪಟ್ಟಣದ ಗೊಂಬೆ ಕೆಲಸಗಾರರ ಬಳಿ ಎಷ್ಟು ಹೊತ್ತಾದರೂ ನೋಡುತ್ತ ನಿಲ್ಲಬಹುದು. ಕುಂಚವಿಲ್ಲ, ಒಲೆಯಿಲ್ಲ, ಉಜ್ಜಿದಾಗ ಹುಟ್ಟುವ ಬಿಸಿಯೇ ಸಾಕು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬ ಹದ ಕೈಗೆ ಮಾತ್ರ ಗೊತ್ತು. ಗೊಂಬೆಗೆ ಬಳಸುವ ಹಾಲೆ ಮರ ಬಿಳುಪು, ಮೆದು. ಉಳಿಗೆ ಬೇಗ ಒಗ್ಗುತ್ತದೆ. ಕೊನೆಗೆ ಕೇದಗೆಯ ಒಣ ಎಲೆ ಹಿಡಿದು ತೀಡಿದರೆ ಮಂಕಾಗಿದ್ದ ಮೈ ಮಿರುಗುತ್ತದೆ.

ಈ ಕೈಗಳನ್ನು ನೋಡುವಾಗ ನನಗೊಂದು ಪತ್ರ ನೆನಪಾಗುತ್ತದೆ. ಪೋಪ್ ಎರಡನೇ ಜಾನ್ ಪಾಲ್ 1999ರ ಈಸ್ಟರ್ ದಿನ ಕಲಾವಿದರಿಗೆ ಬರೆದ ಪತ್ರ ಅದು. ಶೂನ್ಯದಿಂದ ಸೃಷ್ಟಿಸುವವನು ದೇವರು, ಇರುವುದಕ್ಕೆ ರೂಪ ಕೊಡುವವನು ಕುಶಲಕರ್ಮಿ, ಹಾಗೆ ರೂಪ ಕೊಡುವ ಪ್ರತಿಭೆಯೇ ದೇವರ ಒಂದು ಕರೆ ಎಂಬುದು ಅದರ ತಿರುಳು. ಅರಗಿನ ಕೆಲಸದವರಲ್ಲಿ ಎಷ್ಟೋ ಮಂದಿ ಮುಸ್ಲಿಮರು, ಹಿಂದೂಗಳು. ಪತ್ರವನ್ನು ಅವರು ಓದಿರಲಾರರು. ಆದರೂ ಆ ಮಾತಿಗೆ ಅವರ ಕೆಲಸಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಆ ಪೋಪರೂ ಕಲಾವಿದರೇ, ಯೌವನದಲ್ಲಿ ನಾಟಕ ಬರೆದು ರಂಗವೇರಿದವರು. ಕನಕಪುರ ತಾಲ್ಲೂಕಿನ ಕ್ರೈಸ್ತರ ಊರು ಹಾರೋಬೆಲೆಯನ್ನು ಕಂಡಿದ್ದರೆ ಹಿಗ್ಗುತ್ತಿದ್ದರು. ಅಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಊರವರೇ ಬಣ್ಣ ಹಚ್ಚಿ, ಯೇಸುವಿನ ಯಾತನೆಯ ‘ಮಹಿಮೆ’ ನಾಟಕ ಆಡುತ್ತಾರೆ. ಈ ರೂಢಿಗೆ ನೂರು ವರ್ಷ ದಾಟಿದೆ. ಹೊಲದಲ್ಲಿ ಗೇಯುವವನು ಅಲ್ಲಿ ಶಿಲುಬೆ ಹೊರುತ್ತಾನೆ. ಯೇಸುವಿಗೆ ದ್ರೋಹ ಬಗೆದ ಯೂದನ ವೇಷವನ್ನೂ ಒಬ್ಬರು ಕಟ್ಟಲೇಬೇಕಲ್ಲ! ಎದುರಿಗೆ ಕೂತವರು ನೆಂಟರು, ನೆರೆಯವರು. ಪರಿಚಿತ ಮುಖದಲ್ಲಿ ದೇವರನ್ನು ಕಾಣಿಸುವುದು ಎಲ್ಲಕ್ಕಿಂತ ಕಷ್ಟದ ನಟನೆ.

ಮುಂದಿನ ಪವಿತ್ರ ವಾರಕ್ಕೆ ಬಿಡುವು ಮಾಡಿಕೊಂಡು ಹಾರೋಬೆಲೆಗೆ ಹೋಗಿಬನ್ನಿ. ಚನ್ನಪಟ್ಟಣಕ್ಕೆ ಹೋದಾಗ ಗೊಂಬೆ ಕೊಳ್ಳುವ ಮುನ್ನ ಲೇತಿನ ಬಳಿ ಸ್ವಲ್ಪ ನಿಲ್ಲಿ.