ಕೌದಿ ಎಂಬ ಬೈಗುಳ

ಕೆಲವು ವರ್ಷಗಳ ಹಿಂದೆ ಒಂದು ಕಾದಂಬರಿಯನ್ನು ವಿಮರ್ಶಿಸುತ್ತ, "ಇದು ಕಾದಂಬರಿಯಲ್ಲ, ಕೌದಿ" ಎಂದು ಬರೆದಿದ್ದೆ. ಬರೆದಾಗ ಮಾತು ಬಹಳ ಸೊಗಸಾಗಿದೆಯೆಂದೇ ತೋರಿತ್ತು. ಅಲ್ಲಲ್ಲಿ ಅಚ್ಚಾಗಿದ್ದ ಬಿಡಿ ಬರೆಹಗಳನ್ನು ಕೂಡಿಸಿ ಕಾದಂಬರಿಯೆಂದು ಹೆಸರಿಟ್ಟ ಪುಸ್ತಕ ಅದು. ಬರೆದವರು ತರುಣರು, ಅದು ಅವರ ಮೊದಲ ಕೃತಿ. ನಮ್ಮ ವಿಮರ್ಶಕರಿಗೆ ತೇಪೆ, ಚಿಂದಿ, ಕಂಥೆ, ಕೌದಿ ಇವೆಲ್ಲ ಸುಲಭವಾಗಿ ಕೈಗೆ ಸಿಕ್ಕುವ ಮಾತುಗಳು. ಆ ತಿಂಗಳು ಧಾರವಾಡಕ್ಕೆ ಹೋದಾಗ ನಮ್ಮ ಸೋದರತ್ತೆ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟು, "ಏನೋ ತಮ್ಮಾ, ಕೌದಿ ಅಂದ್ರ ಬೈಗಳೇನು? ಒಂದ್ ಕೌದೀನರ ನೆಟ್ಟಗ ನೋಡೀಯೇನು ನೀ?" ಎಂದು ಕೇಳಿದರು.

ನೋಡಿರಲಿಲ್ಲ. ಹೊದ್ದಿದ್ದೆ, ಅಷ್ಟೆ.

ಆ ಬೇಸಿಗೆಯಲ್ಲಿ ಅವರು ಟ್ರಂಕಿನ ತಳದಲ್ಲಿದ್ದ ಗಂಟು ಬಿಚ್ಚಿದರು. ಬೇಸಿಗೆಯಲ್ಲಿ ಕೌದಿ ಹೊಲಿಯುವುದು ಆ ಕಡೆಯ ವಾಡಿಕೆ. ಗಂಟಿನಲ್ಲಿದ್ದುದು ಇಳಕಲ್ಲ ಸೀರೆಗಳು ಐದು. ಒಡಲು ಸವೆದು ಹಾಲು ಸೋಸುವ ಬಟ್ಟೆಯಂತಾಗಿದ್ದರೂ ತೋಪುತೆನೆಯ ಕೆಂಪು ಸೆರಗು ಮಾತ್ರ ಮಾಸಿರಲಿಲ್ಲ. ಗುಳೇದಗುಡ್ಡದ ಖಣದ ಕುಪ್ಪಸಗಳು, ಮಾವನವರ ಧೋತರಗಳು, ಮಕ್ಕಳ ಖಾಕಿ ಚಡ್ಡಿ, ಒಂದು ಹೂವಿನ ಪರಕಾರ. ಮೂವತ್ತು ವರ್ಷದ ಸಂಸಾರವೇ ಆ ಗಂಟಿನಲ್ಲಿತ್ತು ಎನ್ನಬಹುದಾಗಿತ್ತು. ಆದರೆ ಅತ್ತೆ ನೆನಪುಗಳ ಮಾತನ್ನೇ ಆಡಲಿಲ್ಲ. ಒಂದೊಂದು ತುಂಡನ್ನೂ ಬೆಳಕಿಗೆ ಹಿಡಿದು, ಎರಡು ಹೆಬ್ಬೆರಳಿನಿಂದ ಜಗ್ಗಿ ನೋಡಿ, ಮೂರು ಗುಂಪು ಮಾಡಿದರು: ಅಡಿಗೆ ಹಾಸುವುದು, ನಡುವೆ ತುಂಬುವುದು, ಮೇಲೆ ಬರುವುದು.

ನಾನು ಸುಮ್ಮನಿರಬಾರದೆಂದು ಕೆಂಪು ಸೆರಗಿನ ತುಂಡನ್ನು ನಡುಚೌಕಕ್ಕೆ ಇಟ್ಟು ನೋಡಿದೆ. ಪಕ್ಕದಲ್ಲಿ ಆ ಪರಕಾರದ ಮೆತ್ತನೆಯ ನೀಲಿ. ಚಿತ್ರದಂತಿತ್ತು. ಅತ್ತೆ ಅದನ್ನು ಎತ್ತಿಬಿಟ್ಟರು. "ಸೆರಗು ಗಟ್ಟಿ, ಅದರ ಬಾಜೂದ ಅರಿವಿ ಹಣ್ಣಾಗೇದ. ನಾಕ್ ಸಲ ಒಗದ್ರ ಇದು ಅದನ್ನ ಹರದ್ ಹಾಕತದ." ಬಲವಾದ ಬಟ್ಟೆ ದುರ್ಬಲವಾದುದರ ಪಕ್ಕದಲ್ಲಿ ಕುಳಿತರೆ ಎಳೆತವೆಲ್ಲ ದುರ್ಬಲವಾದುದರ ಮೇಲೇ ಬೀಳುತ್ತದೆ. ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಓದಿ ಪರೀಕ್ಷೆ ಬರೆದವನು ನಾನು. ಔಚಿತ್ಯವೆಂದರೆ ಇಷ್ಟು ನಿಷ್ಠುರವಾದ ವಿಷಯವೆಂದು ಆ ದಿನದವರೆಗೂ ತಿಳಿದಿರಲಿಲ್ಲ. ಕಡೆಗೆ ಸೆರಗಿನ ತುಂಡುಗಳು ಅಂಚಿಗೆ ಹೋದವು, ಒಂದರ ಪಕ್ಕ ಒಂದು. ಮೈಗೆ, ನೆಲಕ್ಕೆ, ಕೈಗೆ ಹೆಚ್ಚು ಉಜ್ಜುವುದು ಅಂಚೇ ತಾನೆ!

ಹೊಲಿಗೆಯ ವಿಷಯ ಇನ್ನೂ ಹೇಳಬೇಕು. ಅದು ತೀರ ಸಾದಾ ಹೊಲಿಗೆ. ಸೂಜಿ ಮೇಲಿನಿಂದ ಇಳಿದು ಮತ್ತೆ ಮೇಲೆ ಬರುತ್ತದೆ, ಮತ್ತೆ ಇಳಿಯುತ್ತದೆ. ಆದರೆ ಪ್ರತಿಯೊಂದು ಇಳಿತವೂ ಎಲ್ಲ ಪದರಗಳನ್ನೂ ದಾಟಿ ಅಡಿಯ ಧೋತರದಲ್ಲಿ ಕಾಣಿಸಿಕೊಳ್ಳಬೇಕು. ಅತ್ತೆ ಆಗಾಗ ಮೂಲೆಯನ್ನು ಮಗುಚಿ ನೋಡುತ್ತಿದ್ದರು. ದಾರ ಅಡಿಯಲ್ಲಿ ಕಾಣದಿದ್ದ ಕಡೆ ಬಿಚ್ಚಿ ಮತ್ತೆ ಹೊಲಿದರು. ತುಂಡು ಪಕ್ಕದ ತುಂಡಿಗೆ ಅಂಟಿಕೊಂಡರೆ ಸಾಲದು, ಅಡಿಗೂ ಹಿಡಿದುಕೊಂಡಿರಬೇಕು. ಇಲ್ಲದಿದ್ದರೆ ಒಗೆದಾಗ ಒಳಗಿನ ಬಟ್ಟೆ ಉಂಡೆಗಟ್ಟುತ್ತದೆ.

ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರ ಕ್ರಮ ಬೇರೆ. ಆಫ್ರಿಕದಿಂದ ಗೋವೆಯ ಪೋರ್ಚುಗೀಸರ ಗುಲಾಮರಾಗಿ ಬಂದವರ ಸಂತತಿಯಲ್ಲಿ ಹುಟ್ಟಿದ ಇವರು ತಮ್ಮ ಕವಂದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ತುಂಡು ಸೇರಿಸುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೇಲ್ಪದರವನ್ನು ಮೊದಲು ಜೋಡಿಸಿ ಆಮೇಲೆ ಹೊಲಿಯುವ ಪದ್ಧತಿಯಲ್ಲ. ಜೋಡಿಸುವುದೂ ಹೊಲಿಯುವುದೂ ಒಂದೇ ಕೆಲಸ. ನಾಲ್ಕು ಮೂಲೆಗಳಲ್ಲಿ ಮಡಿಸಿದ ಪುಟ್ಟ ತುಂಡುಗಳ 'ಫೂಲ' ಇರಲೇಬೇಕು. ಅದು ಯಾವ ಉಪಯೋಗಕ್ಕೂ ಬಾರದು. ಬಡತನದಿಂದ ಹುಟ್ಟಿದ ವಸ್ತು, ಆದ್ದರಿಂದ ಅಲ್ಲಿ ಅಂದಚೆಂದದ ಯೋಚನೆಗೆ ಎಡೆಯಿಲ್ಲ ಎನ್ನುವವರು ಆ ಮೂಲೆಗಳನ್ನೊಮ್ಮೆ ನೋಡಬೇಕು. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ವಿದ್ವಾಂಸರು ಇವುಗಳನ್ನು ಕುರಿತು ಬರೆದರು, ಹೊರದೇಶದವರಿಗೆ ತೋರಿಸಿದರು. ನಮ್ಮ ಜಿಲ್ಲೆಯ ಕಲೆಯನ್ನು ನಮಗಿಂತ ಮೊದಲು ದೂರದವರು ಕಂಡದ್ದು ಇದೇ ಮೊದಲ ಸಲವೇನಲ್ಲ.

ಆ ಅಮೆರಿಕದಲ್ಲಿಯೂ ಹೀಗೊಂದು ಕಥೆಯಾಗಿದೆ. ಅಲಬಾಮಾ ನದಿಯ ತಿರುವಿನಲ್ಲಿರುವ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹೊಲಿದ ಕೌದಿಗಳು 2002ರಲ್ಲಿ ಮೊದಲು ಹ್ಯೂಸ್ಟನ್ನಿನ, ಅನಂತರ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ಗೋಡೆಗಳನ್ನೇರಿದವು. ವಿಮರ್ಶಕರು ಬೆರಗಾಗಿ ಮಟಿಸ್, ಕ್ಲೀ ಮೊದಲಾದ ಚಿತ್ರಕಾರರ ಹೆಸರು ತಂದರು. ಹೊಗಳಿಕೆ ಅತಿಯಾಯಿತೆಂದು ನನ್ನ ತಕರಾರಿಲ್ಲ. ಆದರೆ ಗೋಡೆಗೆ ತೂಗುಹಾಕಿದೊಡನೆ ಕೌದಿಯಲ್ಲಿ ಉಳಿಯುವುದು ಮೇಲಿನ ಪದರವೊಂದೇ. ಭಾರವಿಲ್ಲ, ಬಿಸುಪಿಲ್ಲ, ಅಡಿಯಿಲ್ಲ. ಅಲ್ಲಿಯ ಮಿಸೌರಿ ಪೆಟ್ವೇ ಎಂಬಾಕೆ 1942ರಲ್ಲಿ ಗಂಡ ತೀರಿಕೊಂಡ ಮೇಲೆ ಅವನ ಕೆಲಸದ ಬಟ್ಟೆಗಳನ್ನೇ ಬಿಚ್ಚಿ ಒಂದು ಕೌದಿ ಹೊಲಿದಳು. ಅವನನ್ನು ನೆನೆಯುತ್ತ ಅದರಡಿ ಮಲಗುವುದಕ್ಕಾಗಿ. ಇಂಥ ಕೌದಿಗಳಲ್ಲಿ ಕಿಸೆ ಬಿಚ್ಚಿದ ಕಡೆ ಬಣ್ಣ ಗಾಢ, ಮೊಣಕಾಲು ಸವೆದ ಕಡೆ ತೆಳು. ಆ ತೆಳುಬಣ್ಣವನ್ನು ವರ್ಣಸಂಯೋಜನೆ ಎಂದಷ್ಟೇ ಹೊಗಳಿದರೆ ಹೊಗಳಿಕೆ ಸುಳ್ಳಲ್ಲ, ಆದರೆ ಅರ್ಧ.

ಈಗ ಪೇಟೆಯಲ್ಲಿಯೂ ಕೌದಿಗಳು ಬಂದಿವೆ. ಕೌದಿಗೆಂದೇ ಹೊಸ ಬಟ್ಟೆ ಕೊಂಡು, ಕೂಡಿಟ್ಟು, ಕತ್ತರಿಸಿ ಹೊಲಿಯುವವರು ಅಮೆರಿಕದಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಹಾಗೆ ಮಾಡಬಾರದೆಂದು ನಾನು ಹೇಳಲಾರೆ. ಹೊಲಿದವಳಿಗೆ ನಾಲ್ಕು ಕಾಸು ಸಿಕ್ಕುವುದಾದರೆ ಹಳೆಯ ಬಟ್ಟೆಯೇ ಬೇಕೆಂದು ಹಠ ಹಿಡಿಯುವುದು ಉಳ್ಳವರ ಶೋಕಿ. ಅತ್ತೆಯೂ ಅಂಚಿಗೆ ಎರಡು ಗಜ ಹೊಸ ಬಟ್ಟೆ ತರಿಸಿದ್ದರು. ಅವರು ಖಂಡಿತವಾಗಿ ಬೇಡವೆಂದದ್ದು ಸೊಸೆಯ ಪಾಲಿಯೆಸ್ಟರ್ ಸೀರೆಗಳನ್ನು. ಹೊಸದಿದ್ದಂತೆಯೇ ಥಳಥಳಿಸುತ್ತಿದ್ದುವು. ಅವು ಬೆವರು ಹೀರವು, ಹತ್ತಿಯಂತೆ ಹಣ್ಣಾಗವು, ಸೂಜಿಯ ಅಡಿಯಲ್ಲಿ ಜಾರುತ್ತವೆ. ಇನ್ನು ಮೂವತ್ತು ವರ್ಷದ ಮೇಲೆ ನಮ್ಮ ಮನೆಗಳ ಗಂಟುಗಳಲ್ಲಿ ಬಹುಪಾಲು ಅವೇ ಇರುತ್ತವೆ. ಆಗ ಕೌದಿಯ ಗತಿಯೇನೆಂದು ಕೇಳಿದ್ದಕ್ಕೆ ಅತ್ತೆ, "ಆವಾಗಿನವರು ನೋಡ್ಕೊಂತಾರ" ಎಂದು ಸೂಜಿಗೆ ದಾರ ಪೋಣಿಸಿದರು.

ಇಷ್ಟಾದ ಮೇಲೆ ಆ ಕಾದಂಬರಿಯನ್ನು ಮತ್ತೊಮ್ಮೆ ಓದಿದೆ. ಅದು ಒಳ್ಳೆಯ ಕೃತಿಯೆಂದು ಈಗಲೂ ಅನ್ನಿಸಲಿಲ್ಲ. ಆದರೆ ಬಿಡಿ ಬರೆಹಗಳನ್ನು ಕೂಡಿಸಿದ್ದು ಅದರ ದೋಷವಲ್ಲ. ತುಂಡುಗಳು ಒಂದೊಂದೂ ಚೆನ್ನಾಗಿಯೇ ಇದ್ದುವು. ಅಜ್ಜಿಯ ಸಾವಿನ ಅಧ್ಯಾಯವನ್ನಂತೂ ನಾನು ಮೊದಲ ಸಲ ಸರಿಯಾಗಿ ಓದಿಯೇ ಇರಲಿಲ್ಲ. ಅಂಥ ಗಟ್ಟಿಯಾದ ಅಧ್ಯಾಯದ ಪಕ್ಕದಲ್ಲಿ ತೀರ ತೆಳುವಾದೊಂದು ಪ್ರೇಮಪ್ರಸಂಗವಿಟ್ಟಿದ್ದರಿಂದ ಅದು ಹರಿದುಹೋಗಿತ್ತು. ಅಧ್ಯಾಯಗಳು ಒಂದಕ್ಕೊಂದು ಅಂಟಿಕೊಂಡಿದ್ದುವೇ ಹೊರತು ಅಡಿಯವರೆಗೆ ದಾರ ಇಳಿದಿರಲಿಲ್ಲ. ಅಂದರೆ ಅದು ಕೌದಿ ಆಗಿಲ್ಲವೆಂಬುದೇ ಅದರ ಮೇಲಿನ ಆಕ್ಷೇಪಣೆ. ನಾನು ಬರೆದದ್ದು ಅದರ ತಿರುವುಮುರುವು.

ನನ್ನ ವಿಮರ್ಶೆಗಳ ಸಂಕಲನಕ್ಕಾಗಿ ಆ ವಾಕ್ಯವನ್ನು ಹೊಡೆದುಹಾಕಿ ಇಷ್ಟನ್ನು ಬರೆದು ಅತ್ತೆಗೆ ಓದಿ ಹೇಳಿದೆ. ಆ ತರುಣರು ಆಮೇಲೆ ಎರಡನೆಯ ಪುಸ್ತಕ ಬರೆಯಲಿಲ್ಲವೆಂಬುದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಆ ಹುಡುಗಗ ಆವಾಗs ಹೇಳಬೇಕಾಗಿತ್ತು" ಎಂದರು.